ಗ್ರೀಸಿನ ಪೆಡಿಮೆಂಟ್ ನೋಡಲು ಹೋಗುವವರಿಗೆ: ಮೊದಲು ಮ್ಯೂಸಿಯಂ, ಆಮೇಲೆ ಬೆಟ್ಟ

ಅಥೆನ್ಸಿನಲ್ಲಿ ಇಳಿದವರು ಮೊದಲು ಓಡುವುದು ಆಕ್ರೊಪೊಲಿಸ್ ಬೆಟ್ಟಕ್ಕೆ. ಅಲ್ಲಿನ ಅಥೀನಾ ದೇವಿಯ ಹಳೆಯ ದೇವಸ್ಥಾನ ಪಾರ್ಥೆನಾನ್ ಮುಂದೆ ಫೋಟೊ ತೆಗೆಸಿಕೊಂಡು, ಬಿಸಿಲಲ್ಲಿ ಬೆಂದು ಇಳಿದು ಬರುತ್ತಾರೆ. ಕಂಬಗಳ ಮೇಲಿನ ಆ ದೊಡ್ಡ ತ್ರಿಕೋನವನ್ನು, ಅಂದರೆ ಪೆಡಿಮೆಂಟನ್ನು, ಸರಿಯಾಗಿ ನೋಡುವವರು ಕಡಿಮೆ. ನೋಡಿದರೂ ಏನು ಸಿಗುತ್ತೆ? ಅಲ್ಲಿದ್ದ ಶಿಲ್ಪಗಳೆಲ್ಲ ಮ್ಯೂಸಿಯಂ ಸೇರಿ ಎಷ್ಟೋ ಕಾಲವಾಯಿತು. ಪೆಡಿಮೆಂಟ್ ನೋಡಬೇಕು ಅಂತಲೇ ಹೋಗುವವರು ಈ ಕ್ರಮವನ್ನು ತಿರುಗಿಸಿಕೊಳ್ಳಿ. ಮೊದಲು ಶಿಲ್ಪ ನೋಡಿ, ಆಮೇಲೆ ಅವು ಇದ್ದ ಜಾಗ ನೋಡಿ.

ಪೆಡಿಮೆಂಟ್ ಅಂದರೆ ತಲೆಕೆಡಿಸಿಕೊಳ್ಳುವಂಥದ್ದೇನಲ್ಲ. ಹೆಂಚಿನ ಮನೆಗೆ ಎರಡು ಕಡೆ ಇಳಿಜಾರು ಮಾಡು ಹಾಕಿದಾಗ ಪಕ್ಕದ ಗೋಡೆಯ ತಲೆಯಲ್ಲಿ ಒಂದು ತ್ರಿಕೋನ ಉಳಿಯುತ್ತದಲ್ಲ, ಅದೇ. ಗ್ರೀಕರ ದೇವಸ್ಥಾನಗಳಲ್ಲಿ ಅದು ಮುಂದೆ ಮತ್ತು ಹಿಂದೆ, ಕಂಬದ ಸಾಲಿನ ಮೇಲೆ ಬರುತ್ತದೆ. ಸುತ್ತ ಕಲ್ಲಿನ ಅಂಚು ಕಟ್ಟಿ ಒಳಗೆ ಮೂರ್ತಿಗಳನ್ನು ಕೂರಿಸುತ್ತಿದ್ದರು. ಶಿಲ್ಪಿಗೆ ತಲೆನೋವು ಶುರುವಾಗುವುದೇ ಅಲ್ಲಿ. ಪಾರ್ಥೆನಾನ್‌ನ ತ್ರಿಕೋನ ಸುಮಾರು 28 ಮೀಟರ್ ಉದ್ದ. ನಡುವೆ ಮೂರೂವರೆ ಮೀಟರ್ ಹತ್ತಿರ ಎತ್ತರ. ಮೂಲೆಗೆ ಹೋದಂತೆ ಒಂದು ಮಗು ಕೂರುವಷ್ಟೂ ಜಾಗ ಇಲ್ಲ. ನಡುವೆ ದೇವರನ್ನು ನಿಲ್ಲಿಸುವುದು ಸುಲಭ, ಮೂಲೆಯಲ್ಲಿ ಏನು ಮಾಡುವುದು? ಹಾಗಾಗಿ ಯಾವ ಪೆಡಿಮೆಂಟ್ ಮುಂದೆ ನಿಂತರೂ ಮೊದಲು ಮೂಲೆ ನೋಡಿ. ಶಿಲ್ಪಿಯ ಜಾಣತನ ಅಲ್ಲೇ ಗೊತ್ತಾಗುವುದು.

ಮೊದಲ ದಿನ ಪ್ರಯಾಣದ ಸುಸ್ತು ಇರುತ್ತದೆ. ಸಂಜೆ ಸುಮ್ನೆ ಪನೆಪಿಸ್ಟಿಮಿಯೊ ಮೆಟ್ರೊ ನಿಲ್ದಾಣದಲ್ಲಿ ಇಳಿದು ಅಕಾಡೆಮಿ ಕಟ್ಟಡದ ಮುಂದೆ ನಿಲ್ಲಿ. ಇದು ಹಳೆಯದಲ್ಲ, 19ನೇ ಶತಮಾನದ್ದು. ಡೆನ್ಮಾರ್ಕ್‌ನ ಥಿಯೋಫಿಲ್ ಹಾನ್ಸನ್ ವಿನ್ಯಾಸ ಮಾಡಿದ್ದು. ಇದರ ಪೆಡಿಮೆಂಟ್‌ನಲ್ಲಿ ಲಿಯೊನಿಡಾಸ್ ಡ್ರೋಸಿಸ್ ಎಂಬ ಶಿಲ್ಪಿ ಅಥೀನಾ ಹುಟ್ಟಿದ ಕತೆ ಕೆತ್ತಿದ್ದಾರೆ. ಪಾರ್ಥೆನಾನ್‌ನ ಪೂರ್ವದ ಪೆಡಿಮೆಂಟ್‌ನಲ್ಲಿ ಇದ್ದದ್ದೂ ಇದೇ ಕತೆ: ದೇವತೆಗಳ ರಾಜ ಜ್ಯೂಸ್‌ನ ತಲೆಯಿಂದ ಅಥೀನಾ ಹೊರಬಂದದ್ದು. ಅಲ್ಲಿ ನಡುಭಾಗ ಪೂರ್ತಿ ಹಾಳಾಗಿದೆ. ತುಂಬಿದ ಪೆಡಿಮೆಂಟ್ ಕಟ್ಟಡದ ಮೇಲೆ ಹೇಗೆ ಕಾಣುತ್ತದೆ ಅಂತ ಇಲ್ಲಿ ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಬಹುದು. ರಸ್ತೆಯಿಂದಲೇ ಕಾಣುತ್ತದೆ, ಟಿಕೆಟ್ ಬೇಡ.

ಮರುದಿನ ಆಕ್ರೊಪೊಲಿಸ್ ಮ್ಯೂಸಿಯಂ. 2009ರಲ್ಲಿ ಶುರುವಾದದ್ದು, ಆಕ್ರೊಪೊಲಿ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ. ಶುಕ್ರವಾರ ರಾತ್ರಿ 10ರವರೆಗೂ ತೆರೆದಿರುತ್ತದೆ, ಸಂಜೆ ಮೇಲೆ ಹೋದರೆ ಗುಂಪುಗಳ ಗಲಾಟೆ ಕಡಿಮೆ. ಜನ ನೇರವಾಗಿ ಮೇಲಿನ ಅಂತಸ್ತಿಗೆ ಓಡುತ್ತಾರೆ. ನೀವು ಮೊದಲ ಅಂತಸ್ತಿನಲ್ಲೇ ಅರ್ಧ ಗಂಟೆ ನಿಲ್ಲಿ. ಪಾರ್ಥೆನಾನ್‌ಗಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯ ಪೆಡಿಮೆಂಟ್‌ನ ತುಣುಕುಗಳು ಅಲ್ಲಿವೆ. ಮೆತ್ತನೆ ಸುಣ್ಣಕಲ್ಲು, ಮೇಲೆ ಬಣ್ಣ ಇನ್ನೂ ಉಳಿದಿದೆ. ಮೂರು ತಲೆ, ಮೂರು ಮೈ ಇರುವ ಒಬ್ಬ ದೈತ್ಯ ಇದ್ದಾನೆ. ಒಂದು ಕೈಯಲ್ಲಿ ನೀರಿನ ಅಲೆ, ಒಂದರಲ್ಲಿ ಬೆಂಕಿ, ಇನ್ನೊಂದರಲ್ಲಿ ಹಕ್ಕಿ. ಮೂವರ ಮುಖದಲ್ಲೂ ಒಂದು ಬಗೆಯ ತುಂಟ ನಗು. ಸೊಂಟದ ಕೆಳಗೆ ಕಾಲಿಲ್ಲ, ಹಾವಿನ ಬಾಲ. ಆ ಬಾಲ ಸುರುಳಿ ಸುತ್ತಿಕೊಂಡು ಸಣ್ಣಗಾಗುತ್ತಾ ಮೂಲೆ ಸೇರುತ್ತದೆ. ಮೂಲೆಯ ಸಮಸ್ಯೆಗೆ ಆ ಕಾಲದ ಉತ್ತರ ಇದು. ನನಗಂತೂ ಮೇಲಿನ ಅಂತಸ್ತಿನ ದೇವತೆಗಳಿಗಿಂತ ಇವನೇ ಜಾಸ್ತಿ ಇಷ್ಟವಾದ.

ಮೇಲಿನ ಅಂತಸ್ತನ್ನು ಬೆಟ್ಟದ ಮೇಲಿನ ಪಾರ್ಥೆನಾನ್ ಯಾವ ದಿಕ್ಕಿಗಿದೆಯೋ ಅದೇ ದಿಕ್ಕಿಗೆ ತಿರುಗಿಸಿ ಕಟ್ಟಿದ್ದಾರೆ. ಗಾಜಿನಾಚೆ ನಿಜವಾದ ಕಟ್ಟಡ ಕಾಣುತ್ತದೆ. ಶಿಲ್ಪಗಳಲ್ಲಿ ಜೇನು ಬಣ್ಣಕ್ಕೆ ತಿರುಗಿದ್ದು ಅಸಲಿ ಅಮೃತಶಿಲೆ. ಬೆಳ್ಳಗೆ ಹೊಳೆಯುವುದು ಪ್ಲಾಸ್ಟರ್ ಅಚ್ಚು, ಅಸಲಿ ಬೇರೆ ಕಡೆ ಇದೆ ಎಂದರ್ಥ. ಪೆಡಿಮೆಂಟ್ ಮಟ್ಟಿಗೆ ಹೇಳುವುದಾದರೆ ಹೆಚ್ಚಿನವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್‌ನ ಜನ ಕೀಳಿಸಿಕೊಂಡು ಹೋದದ್ದನ್ನು ಬ್ರಿಟಿಷ್ ಸರ್ಕಾರ 1816ರಲ್ಲಿ ಕೊಂಡುಕೊಂಡಿತು. ಅದಕ್ಕೂ ಮುಂಚೆ, 1687ರಲ್ಲಿ ಪಾರ್ಥೆನಾನ್ ಮೇಲೆ ವೆನಿಸ್ ಸೈನ್ಯದ ಗುಂಡು ಬಿದ್ದು, ಒಳಗಿದ್ದ, ಆಗ ಊರು ಆಳುತ್ತಿದ್ದ ತುರ್ಕರ ಸಿಡಿಮದ್ದಿನ ದಾಸ್ತಾನು ಸಿಡಿದಿತ್ತು. ಗೆದ್ದ ಸೇನಾಪತಿ ಮೊರೊಸಿನಿ ಪಶ್ಚಿಮದ ಪೆಡಿಮೆಂಟ್‌ನ ಕುದುರೆಗಳನ್ನು ಇಳಿಸಿ ಒಯ್ಯಲು ಹೋಗಿ ಬೀಳಿಸಿ ಚೂರು ಮಾಡಿದ. ಇಷ್ಟೆಲ್ಲ ಆಗುವ ಮೊದಲು, 1674ರಲ್ಲಿ ಒಬ್ಬ ಚಿತ್ರಕಾರ ಕೂತು ಶಿಲ್ಪಗಳ ಚಿತ್ರ ಬರೆದಿಟ್ಟಿದ್ದ. ಯಾವ ತುಂಡು ಎಲ್ಲಿತ್ತು ಅಂತ ಇವತ್ತು ಹೇಳಲು ಆಗುವುದು ಬಹುಮಟ್ಟಿಗೆ ಆ ಚಿತ್ರಗಳಿಂದ. ಅಲ್ಲಿ ನಿಂತಾಗ ಮೂರ್ತಿಗಳ ಹಿಂದೆಯೂ ಒಂದು ಸುತ್ತು ಹೋಗಿ. ಗೋಡೆಗೆ ಬೆನ್ನು ಕೊಟ್ಟು, ನೆಲದಿಂದ ಅಷ್ಟು ಮೇಲೆ ಕೂರಬೇಕಿದ್ದವಕ್ಕೂ ಬೆನ್ನಿನ ಕಡೆ ಬಟ್ಟೆಯ ಮಡಿಕೆ ಕೆತ್ತಿದ್ದಾರೆ. ಯಾರಿಗೆ ಕಾಣಬೇಕಿತ್ತು ಅದು?

ಈಗ ಬೆಟ್ಟ. ಟಿಕೆಟ್‌ನಲ್ಲಿ ಸಮಯ ನಮೂದಾಗಿರುತ್ತದೆ, ಅದನ್ನು ಆನ್‌ಲೈನ್‌ನಲ್ಲೇ ಮೊದಲೇ ತೆಗೆದುಕೊಳ್ಳಿ. 2025ರಿಂದ ದರ 30 ಯೂರೋ. ಬೆಳಿಗ್ಗೆ 8ರ ಸಮಯ ಸಿಕ್ಕರೆ ಬಿಡಬೇಡಿ. ಮ್ಯೂಸಿಯಂ ಕಡೆಯಿಂದ, ಮದ್ಯದ ದೇವರು ಡಯೊನೈಸಸ್ ಹೆಸರಿನ ಹಳೆಯ ನಾಟಕಶಾಲೆಯ ಪಕ್ಕ ಒಂದು ಪ್ರವೇಶ ಇದೆ, ಅಲ್ಲಿ ಸಾಲು ಚಿಕ್ಕದು. ಕಲ್ಲು ಸವೆದು ನುಣುಪಾಗಿದೆ, ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು ವಿಪರೀತವಾದ ದಿನ ಮಧ್ಯಾಹ್ನ ಬೆಟ್ಟವನ್ನೇ ಮುಚ್ಚಿದ್ದುಂಟು. ಒಂದು ಸಣ್ಣ ಬೈನಾಕ್ಯುಲರ್ ಇದ್ದರೆ ತನ್ನಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ಮಹಾದ್ವಾರ ದಾಟಿದ ಕೂಡಲೇ ಎದುರಿಗೆ ಸಿಗುವುದು ದೇವಸ್ಥಾನದ ಹಿಂಭಾಗ, ಅಂದರೆ ಪಶ್ಚಿಮ. ಬಹಳ ಜನ ಅದನ್ನೇ ಮುಂಭಾಗ ಅಂದುಕೊಂಡು ಅಲ್ಲಿಂದಲೇ ವಾಪಸ್ ಹೊರಡುತ್ತಾರೆ. ಸುತ್ತಿ ಪೂರ್ವಕ್ಕೆ ಬನ್ನಿ. ಬೆಳಗಿನ ಬೆಳಕು ಬೀಳುವುದೂ ಅಲ್ಲೇ. ಪೂರ್ವದ ಎಡ ಮೂಲೆಯಲ್ಲಿ ಸೂರ್ಯನ ಕುದುರೆಗಳು ಕಡಲಿನಿಂದ ತಲೆ ಎತ್ತುತ್ತಿವೆ, ಪಕ್ಕದಲ್ಲಿ ಡಯೊನೈಸಸ್ ಒರಗಿ ಕೂತಿದ್ದಾನೆ. ಬಲ ಮೂಲೆಯಲ್ಲಿ ಚಂದ್ರದೇವತೆಯ ಕುದುರೆ ಇಳಿದು ಹೋಗುತ್ತಿದೆ. ಇವೆಲ್ಲ ನಕಲುಗಳೇ, ಆದರೂ ಜಾಗ ಸರಿಯಾಗಿದೆ. ಮೂಲೆಯಲ್ಲಿ ಬರೀ ತಲೆಗಷ್ಟೇ ಜಾಗ, ಅದಕ್ಕೇ ಮೈಯೆಲ್ಲ ಕಡಲೊಳಗೆ! ಅಥೀನಾ ಹುಟ್ಟಿದ್ದು ಬೆಳಗಿನ ಜಾವ ಎಂಬುದನ್ನೂ ಅದರಲ್ಲೇ ಹೇಳಿಬಿಟ್ಟಿದ್ದಾರೆ.

ಇಳಿದ ಮೇಲೆ ಹಳೆಯ ಸಂತೆಬಯಲು ಅಗೋರಾದಲ್ಲಿರುವ, ಕಮ್ಮಾರರ ದೇವರು ಹೆಫೈಸ್ಟಸ್‌ನ ದೇವಸ್ಥಾನಕ್ಕೆ ಹೋಗಿ. ಪೆಡಿಮೆಂಟ್‌ನ ಚೌಕಟ್ಟು ಇಷ್ಟು ಗಟ್ಟಿಯಾಗಿ ಉಳಿದದ್ದು ಅಪರೂಪ, ಆದರೆ ಒಳಗೆ ಶಿಲ್ಪ ಇಲ್ಲ. "ಇಷ್ಟು ದೂರ ಬಂದು ಖಾಲಿ ತ್ರಿಕೋನ ನೋಡ್ತಾ ನಿಂತಿದ್ದೀಯಲ್ಲೋ" ಅಂದಳು ನನ್ನ ಜೊತೆ ಬಂದಿದ್ದ ಅಕ್ಕ. ಖಾಲಿ ಇದ್ದರೇ ಒಳ್ಳೆಯದು ಕಣೇ ಅಕ್ಕ, ಹಿಂದಿನ ಗೋಡೆ, ಕೆಳಗಿನ ಅಂಚು, ಇಳಿಜಾರಿನ ಅಂಚು ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ ಅಂತ ವಿವರಿಸಿದೆ. ಅವಳು ಆಗಲೇ ನೆರಳು ಹುಡುಕಿಕೊಂಡು ಹೋಗಿದ್ದಳು.

ಇನ್ನೊಂದು ದಿನ ಕೈಯಲ್ಲಿದ್ದರೆ ದ್ವೀಪದ ಸುತ್ತಾಟ ಬಿಟ್ಟು ಹಳೆಯ ಒಲಿಂಪಿಕ್ ಆಟಗಳ ಊರು ಒಲಿಂಪಿಯಾಗೆ ಹೋಗಿ, ರಾತ್ರಿ ಅಲ್ಲೇ ಉಳಿಯಿರಿ. ಅಥೆನ್ಸಿನ ಕಿಫಿಸೊಸ್ ಬಸ್ ನಿಲ್ದಾಣದಿಂದ ಪಿರ್ಗೊಸ್, ಅಲ್ಲಿ ಬಸ್ ಬದಲಿಸಬೇಕು. ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಬೇಡ. ದಾರಿಗೆ ತಿಂಡಿ ಕಟ್ಟಿಕೊಳ್ಳಿ. ಸಸ್ಯಾಹಾರಿಗಳಿಗೆ ಪಾಲಕ್ ತುಂಬಿದ ಸ್ಪನಕೋಪಿತಾ, ಎಳ್ಳು ಹಚ್ಚಿದ ಕೊಲೂರಿ ಎಲ್ಲ ಕಡೆ ಸಿಗುತ್ತದೆ, ಆದರೆ ಪಾಲಕ್ ಜೊತೆ ಚೀಸ್ ಇರುತ್ತದೆ.

ಒಲಿಂಪಿಯಾದಲ್ಲಿ ಜ್ಯೂಸ್ ದೇವಸ್ಥಾನ ಭೂಕಂಪಕ್ಕೆ ಮಗುಚಿ ಬಿದ್ದಿದೆ, 2004ರಲ್ಲಿ ಒಂದೇ ಕಂಬ ಎತ್ತಿ ನಿಲ್ಲಿಸಿದ್ದಾರೆ. ಆದರೆ ಎರಡು ಪೆಡಿಮೆಂಟ್‌ಗಳ ಶಿಲ್ಪಗಳೂ ಪಕ್ಕದ ಮ್ಯೂಸಿಯಂನ ದೊಡ್ಡ ಹಾಲ್‌ನಲ್ಲಿ ಎದುರುಬದುರು ಇವೆ. ಅಥೆನ್ಸಿನಲ್ಲಿ ತುಂಡುಗಳಷ್ಟೇ, ಇಲ್ಲಿ ಕತೆ ಪೂರ್ತಿ ಓದಬಹುದು. ಪಶ್ಚಿಮದ್ದು ಹೊಡೆದಾಟ. ಮದುವೆ ಮನೆಯಲ್ಲಿ ಕುಡಿದ, ಅರ್ಧ ಮನುಷ್ಯ ಅರ್ಧ ಕುದುರೆಯಾದ ಸೆಂಟಾರ್‌ಗಳು ಹೆಂಗಸರ ಮೇಲೆ ಬಿದ್ದಿದ್ದಾರೆ, ಒಬ್ಬ ಹುಡುಗನ ತೋಳನ್ನೇ ಕಚ್ಚಿದ್ದಾನೆ. ನಡುವೆ ಅಪೊಲೊ ದೇವರು ಕೈ ಚಾಚಿ ನಿಂತಿದ್ದಾನೆ. ಪೂರ್ವದಲ್ಲಿ ರಥದ ಓಟ ಇನ್ನೂ ಶುರುವಾಗಿಲ್ಲ, ಎಲ್ಲರೂ ಸುಮ್ಮನೆ ನಿಂತಿದ್ದಾರೆ. ಮುಂದೆ ಆಗುವುದು ಗೊತ್ತಿರುವುದು ಬಲಭಾಗದಲ್ಲಿ ಕೂತಿರುವ ಮುದಿ ಭವಿಷ್ಯಗಾರನಿಗೆ. ಹೊಟ್ಟೆ ಮಡಿಕೆ ಬಿದ್ದಿದೆ, ಮುಷ್ಟಿ ಗಲ್ಲದ ಹತ್ತಿರ ಬಂದಿದೆ, ಹುಬ್ಬು ಗಂಟಿಕ್ಕಿದೆ. ಈ ಒಂದು ಮುಖಕ್ಕಾಗಿ ಬಸ್ಸಿನಲ್ಲಿ ಅಷ್ಟು ಹೊತ್ತು ಕೂತಿದ್ದು ಸಾರ್ಥಕ. ಮೂಲೆಗಳಲ್ಲಿ ಊರಿನ ಎರಡು ನದಿಗಳು, ಆಲ್ಫಿಯೊಸ್ ಮತ್ತು ಕ್ಲಾಡಿಯೊಸ್, ಗಂಡಸರ ರೂಪದಲ್ಲಿ ಮಲಗಿವೆ. ಮುಂದೆ ಇದೇ ನದಿಗಳ ಹೂಳಿನಡಿಯಲ್ಲೇ ಇಡೀ ಜಾಗ ಮುಚ್ಚಿಹೋಯಿತು.

ಅಥೆನ್ಸಿನ ಹತ್ತಿರದ ಈಜೈನಾ ದ್ವೀಪದಲ್ಲಿರುವ ಅಫೈಯಾ ದೇವಿಯ ದೇವಸ್ಥಾನದ ಬಗ್ಗೆ ಒಂದು ಮಾತು. ಪಿರೇಯಸ್ ಬಂದರಿನಿಂದ ವೇಗದ ದೋಣಿಗೆ ಸುಮಾರು 40 ನಿಮಿಷ, ಜಾಗ ಚೆನ್ನಾಗಿದೆ, ಅಲ್ಲಿನ ಪಿಸ್ತಾ ಇನ್ನೂ ಚೆನ್ನಾಗಿದೆ. ಆದರೆ 1811ರಲ್ಲಿ ಸಿಕ್ಕ ಪೆಡಿಮೆಂಟ್ ಶಿಲ್ಪಗಳನ್ನು ಬವೇರಿಯಾದ ಯುವರಾಜ ಕೊಂಡುಕೊಂಡ. ಅವು ಈಗ ಜರ್ಮನಿಯ ಮ್ಯೂನಿಕ್‌ನ ಗ್ಲಿಪ್ಟೊಥೆಕ್ ಮ್ಯೂಸಿಯಂನಲ್ಲಿವೆ. ಮ್ಯೂನಿಕ್‌ನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಹೋಗುವಾಗಲೋ ಬರುವಾಗಲೋ ಅಲ್ಲಿ ಒಂದು ದಿನ ಇಳಿಯಿರಿ. ಎರಡೂ ಪೆಡಿಮೆಂಟ್‌ಗಳ ಮೂಲೆಯಲ್ಲಿ ಸಾಯುತ್ತಿರುವ ಒಬ್ಬೊಬ್ಬ ಯೋಧನಿದ್ದಾನೆ. ಪಶ್ಚಿಮದವನು ಎದೆಯ ಬಾಣ ಕೀಳುತ್ತಾ ನಗುತ್ತಿದ್ದಾನೆ. ಪೂರ್ವದವನು ನಿಜವಾಗಿ ಸಾಯುತ್ತಿದ್ದಾನೆ. ಇಬ್ಬರ ನಡುವೆ ಇರುವುದು ಕೆಲವೇ ವರ್ಷಗಳ ಅಂತರ. ಸೋಮವಾರ ಆ ಮ್ಯೂಸಿಯಂಗೆ ರಜೆ, ಅದನ್ನು ನೋಡಿಕೊಂಡು ವಿಮಾನದ ಟಿಕೆಟ್ ಮಾಡಿಸಿ.