ಸದ್ದು ಮಾಡುವ ಗಾಡಿಯನ್ನೇ ಕೊಂಡೆ

ಜೇನು ಪೆಟ್ಟಿಗೆ ಸಾಗಿಸುವುದು ರಾತ್ರಿ ಕೆಲಸ. ಹೊರಗೆ ಹೋದ ಹುಳುಗಳೆಲ್ಲ ಗೂಡಿಗೆ ವಾಪಸ್ ಬರಬೇಕು. ಆಮೇಲೆ ಬಾಗಿಲು ಮುಚ್ಚಿ, ಪೆಟ್ಟಿಗೆ ಹೇರಿ, ಬೆಳಕಾಗುವ ಮುಂಚೆ ಹೊಸ ಜಾಗದಲ್ಲಿ ಇಳಿಸಬೇಕು. ಅಂಥದ್ದೇ ಒಂದು ರಾತ್ರಿ, ಹಿಂದೆ 40 ಪೆಟ್ಟಿಗೆ ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದೆ. ನನ್ನ ಪಿಕಪ್‌ನ ಮೂರನೇ ಗೇರ್ ಟಕ್ ಅಂತ ಎಗರಿ ನ್ಯೂಟ್ರಲ್‌ಗೆ ಬಂತು. ಎಂಜಿನ್ ಹಿಡಿತ ತಪ್ಪಿದ ಗಾಡಿ ಸುಮ್ನೆ ಉರುಳತೊಡಗಿತು. ಬ್ರೇಕ್ ಒತ್ತಿ ಮತ್ತೆ ಗೇರ್ ಹಾಕಿದೆ. ಮತ್ತೆ ಎಗರಿತು. ಉಳಿದ ದಾರಿಯೆಲ್ಲ ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಗೇರ್ ಲಿವರ್ ಒತ್ತಿ ಹಿಡಿದುಕೊಂಡೇ ಓಡಿಸಿದೆ. ಹಿಂದಿನಿಂದ ಬರುತ್ತಿದ್ದ ಗುಂಯ್ ಸದ್ದು ಕೇಳಿದರೆ ಹುಳುಗಳಿಗೂ ನನ್ನ ಡ್ರೈವಿಂಗ್ ಹಿಡಿಸಿರಲಿಲ್ಲ.

ಆ ಗಾಡಿ ಕೊಂಡು ಆಗ ಐದು ತಿಂಗಳು.

ಕೊಳ್ಳುವಾಗ ನಾನು ಏನು ನೋಡಿದ್ದೆ ಅಂತ ಈಗ ನೆನೆಸಿಕೊಂಡರೆ ನಾಚಿಕೆ ಆಗುತ್ತದೆ. ಪೇಂಟ್ ನೋಡಿದೆ. ಟೈರ್ ನೋಡಿದೆ. ಮೀಟರ್‌ನಲ್ಲಿ 60,000 ಚಿಲ್ಲರೆ ಕಿಲೋಮೀಟರ್ ಇತ್ತು, ಅದನ್ನು ನೋಡಿ ಖುಷಿಪಟ್ಟೆ. ನಾನು ಹೋಗುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಿ ನಿಂತಿತ್ತು. "ನಿಮಗೋಸ್ಕರ ಬಿಸಿ ಮಾಡಿ ಇಟ್ಟಿದ್ದೀನಿ" ಅಂದರು ಮಾರುವವರು. ಎಷ್ಟು ಒಳ್ಳೆಯವರು ಅಂದುಕೊಂಡೆ! ಹಿಂದೆ ಟ್ರೇಲರ್ ಎಳೆಯುವ ಕೊಕ್ಕೆ ಇತ್ತು. ಅದೂ ಒಂದು ಅನುಕೂಲವೇ ಅನ್ನಿಸಿತು. ಆ ಕೊಕ್ಕೆಯ ಗುಂಡು ಸವೆದು ಹೊಳೆಯುತ್ತಿತ್ತು. ಅದು ಯಾಕೆ ಹೊಳೆಯುತ್ತಿದೆ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ಗೇರ್ ಬಾಕ್ಸ್ ಬಿಚ್ಚಿದ ದಿನ ನಮ್ಮ ಮೆಕ್ಯಾನಿಕ್ ಮೂರನೇ ಗೇರನ್ನು ನನ್ನ ಕೈಗೆ ಕೊಟ್ಟು, "ಈ ಸಣ್ಣ ಹಲ್ಲು ಮುಟ್ಟಿ ನೋಡಿ ಅಕ್ಕಾ" ಅಂದ. ಗೇರಿನ ಪಕ್ಕದಲ್ಲಿ ಸುತ್ತಲೂ ಚಿಕ್ಕ ಚಿಕ್ಕ ಹಲ್ಲುಗಳಿರುತ್ತವೆ. ನಾವು ಲಿವರ್ ತಳ್ಳಿದಾಗ ಒಳಗಿನ ಒಂದು ಬಳೆ ಬಂದು ಕಚ್ಚಿಕೊಳ್ಳುವುದು ಈ ಹಲ್ಲುಗಳಿಗೆ. ಅವುಗಳ ತುದಿ ಚೂಪು. ಹಿಂಬದಿಯನ್ನು ಸ್ವಲ್ಪ ಒಳಕ್ಕೆ ಓರೆಯಾಗಿ ಕೊರೆದಿರುತ್ತಾರೆ, ಭಾರ ಬಿದ್ದಷ್ಟೂ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳಲಿ ಅಂತ. ನನ್ನ ಗಾಡಿಯ ಹಲ್ಲುಗಳು ನದಿಯ ಕಲ್ಲಿನ ಹಾಗೆ ದುಂಡಗಾಗಿದ್ದವು. ಆ ಓರೆ ಸವೆದ ಮೇಲೆ ಲೆಕ್ಕ ಉಲ್ಟಾ. ಭಾರ ಬಿದ್ದಷ್ಟೂ ಬಳೆಯನ್ನು ಆಚೆಗೆ ತಳ್ಳುತ್ತದೆ. ಗೇರ್ ಎಗರುವುದು ಹೀಗೆ. ಖಾಲಿ ಗಾಡಿಯಲ್ಲಿ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೊಡೆದಿದ್ದ ನನಗೆ ಅದು ಗೊತ್ತಾಗುವುದಾದರೂ ಹೇಗೆ?

ಎರಡನೇ ಸಲ ಗಾಡಿ ಹುಡುಕುವಾಗ ಮೀಟರ್ ಕಡೆ ಆಮೇಲೆ ನೋಡೋಣ ಅಂತ ತೀರ್ಮಾನ ಮಾಡಿದ್ದೆ. ಮೀಟರ್ ಎಷ್ಟು ದೂರ ಓಡಿದೆ ಅಂತ ಹೇಳುತ್ತದೆ, ಎಷ್ಟು ಭಾರ ಹೊತ್ತಿದೆ ಅಂತ ಹೇಳುವುದಿಲ್ಲ. ಪಿಕಪ್ ವಿಷಯದಲ್ಲಿ ಗೇರ್ ಬಾಕ್ಸ್‌ನ ಆಯಸ್ಸು ಜಾಸ್ತಿ ನಿಂತಿರುವುದು ಈ ಭಾರದ ಮೇಲೆ. ಅದರ ಗುರುತು ಗಾಡಿಯ ಹಿಂಭಾಗದಲ್ಲೇ ಇರುತ್ತದೆ. ಲೀಫ್ ಸ್ಪ್ರಿಂಗ್‌ಗೆ ಒಂದು ಪಟ್ಟಿ ಹೆಚ್ಚುವರಿ ಹಾಕಿಸಿದ್ದಾರಾ? ಸ್ಪ್ರಿಂಗ್ ಬಿಲ್ಲಿನ ಹಾಗೆ ಬಾಗಿದೆಯಾ, ಇಲ್ಲ ಚಪ್ಪಟೆ ಮಲಗಿದೆಯಾ? ತೊಟ್ಟಿಯ ತಳ ಎಲ್ಲೆಲ್ಲಿ ತಗ್ಗಾಗಿದೆ? ಟ್ರೇಲರ್ ಕೊಕ್ಕೆ ತೆಗೆದು ಮಾರಿದರೂ ಬೋಲ್ಟ್ ಹಾಕಿದ್ದ ತೂತು, ಟ್ರೇಲರ್ ಲೈಟಿನ ವೈರ್ ತುಂಡು ಉಳಿದಿರುತ್ತವೆ.

ಮೊದಲು ನೋಡಿದ ಗಾಡಿಯನ್ನು ಹತ್ತು ಸೆಕೆಂಡಿನಲ್ಲಿ ಬಿಟ್ಟೆ. ಬಾನೆಟ್ ಮೇಲೆ ಕೈ ಇಟ್ಟೆ, ಬಿಸಿ ಇತ್ತು. "ತಣ್ಣಗಿರುವಾಗ ನೋಡಬೇಕು, ಸ್ಟಾರ್ಟ್ ಮಾಡಬೇಡಿ" ಅಂತ ಫೋನಿನಲ್ಲೇ ಹೇಳಿದ್ದೆ. ಕೆಲವು ತೊಂದರೆ ತಣ್ಣಗಿದ್ದಾಗ ಮಾತ್ರ ಕಾಣುತ್ತವೆ, ಕೆಲವು ಚೆನ್ನಾಗಿ ಬಿಸಿಯಾದ ಮೇಲೆ. ಮಾರುವವರು ತೋರಿಸುವುದು ನಡುವಿನ ಹದಿನೈದು ನಿಮಿಷ.

ಎರಡನೆಯದು ಆಟೋಮ್ಯಾಟಿಕ್. ನೋಡೋಕೆ ಬಹಳ ಚೆಂದ ಇತ್ತು. ಜೇನು ಪೆಟ್ಟಿಗೆಗೆ ಆಟೋಮ್ಯಾಟಿಕ್ ಒಳ್ಳೆಯದು, ಜಗ್ಗಾಟ ಕಮ್ಮಿ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿಕೊಂಡು ಪಾರ್ಕ್‌ನಿಂದ ಡ್ರೈವ್‌ಗೆ ಹಾಕಿದೆ. ಮನಸ್ಸಿನಲ್ಲೇ ಎಣಿಸಿದೆ. ಒಂದು ಸೆಕೆಂಡಿನ ಆಸುಪಾಸಿನಲ್ಲಿ ಗಾಡಿ ಮೆತ್ತಗೆ ಹಿಡಿದುಕೊಳ್ಳಬೇಕು. ಎರಡು, ಮೂರು ಅಂತ ಎಣಿಸುವಷ್ಟು ಹೊತ್ತಾಗಿ ಆಮೇಲೆ ಧಡ್ ಅಂತ ಹಿಡಿದರೆ ಒಳಗಿನ ಸೀಲುಗಳು ಗಟ್ಟಿಯಾಗಿ ಆಯಿಲ್ ಒತ್ತಡ ಸೋರುತ್ತಿರಬಹುದು. ಈ ಗಾಡಿ ಅದರಲ್ಲಿ ಪಾಸಾಯಿತು. ರಿವರ್ಸ್‌ನಲ್ಲೂ ಪಾಸ್. ನಾನು ಇದನ್ನೇ ತಗೊಳ್ಳೋಣ ಅನ್ನುವ ಮಟ್ಟಕ್ಕೆ ಬಂದಿದ್ದೆ.

ಅರ್ಧ ಗಂಟೆ ಓಡಿಸಿದ ಮೇಲೆ ಗಂಟೆಗೆ 70 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲು ಸುಮ್ನೆ ಇಟ್ಟುಕೊಂಡು ಹೋಗುವಾಗ ಸೀಟಿನ ಕೆಳಗೆ ಒಂದು ನಡುಕ. ರಸ್ತೆಗೆ ಅಡ್ಡ ಹಾಕಿದ ಸಣ್ಣ ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ, ಎರಡು ಸೆಕೆಂಡು ಬುರ್ರ್ ಅಂದು ನಿಂತಿತು. ಕಾಲು ಸ್ವಲ್ಪ ಒತ್ತಿದರೆ ಮಾಯ. ಮತ್ತೆ ಹಾಗೇ ಹೋದರೆ ಮತ್ತೆ ಬುರ್ರ್. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್ ಬಾಕ್ಸ್‌ಗೆ ದಾಟಿಸುವುದು ಟಾರ್ಕ್ ಕನ್ವರ್ಟರ್. ಅದರೊಳಗೆ ಒಂದು ಲಾಕಪ್ ಕ್ಲಚ್ ಇರುತ್ತದೆ. ಒಂದೇ ವೇಗದಲ್ಲಿ ಹೋಗುವಾಗ ಅದು ಎಂಜಿನನ್ನೂ ಗೇರ್ ಬಾಕ್ಸನ್ನೂ ನೇರವಾಗಿ ಬಿಗಿಯುತ್ತದೆ. ಅದು ಸರಿಯಾಗಿ ಹಿಡಿಯದೆ ಹಿಡಿದು ಬಿಟ್ಟು ಮಾಡಿದರೆ ಈ ನಡುಕ. ಕೆಲವೊಮ್ಮೆ ಆಯಿಲ್ ಬದಲಾಯಿಸಿದರೆ ಹೋಗುತ್ತದೆ, ಕೆಲವೊಮ್ಮೆ ಕನ್ವರ್ಟರನ್ನೇ ಬದಲಾಯಿಸಬೇಕಾಗುತ್ತದೆ. ಯಾವುದು ಅಂತ ದುಡ್ಡು ಕೊಟ್ಟ ಮೇಲೇ ಗೊತ್ತಾಗುವುದು.

"ಇದರ ಗೇರ್ ಆಯಿಲ್ ಯಾವಾಗ ಬದಲಾಯಿಸಿದಿರಿ?" ಅಂತ ಕೇಳಿದೆ.

"ಇದಕ್ಕೆ ಬದಲಾಯಿಸೋದೇ ಬೇಡ ಮೇಡಂ, ಲೈಫ್‌ಟೈಮ್ ಆಯಿಲ್ ಇದು."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾರ ಲೈಫ್‌ಟೈಮ್? ಎಷ್ಟೋ ಕಂಪನಿಗಳ ಗಾಡಿಗಳಿಗೆ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಮಾಡಿಕೊಡುವ ಜರ್ಮನಿಯ ಜಡ್‌ಎಫ್ ಕಂಪನಿಯೇ ತನ್ನ ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಅಥವಾ 8 ವರ್ಷಕ್ಕೆ ಆಯಿಲ್ ಬದಲಾಯಿಸಿ ಅನ್ನುತ್ತದೆ. ಭಾರ ಎಳೆಯುವ ಗಾಡಿಗೆ ಇನ್ನೂ ಬೇಗ ಮಾಡಿಸುವುದು ಲೇಸು. ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟು ಸುಡುತ್ತಿದೆ ಅಂತಲೇ ಲೆಕ್ಕ. ಅಂದಹಾಗೆ, ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಮೇಲೆ ಫ್ಯಾಕ್ಟರಿಯಲ್ಲೇ ಪಿಕಪ್ ತೊಟ್ಟಿ ಕಟ್ಟಿ ಮಾರಿತಲ್ಲ, ಅದರಲ್ಲಿ ಇದ್ದದ್ದೂ ಒಂದು ಗೇರ್ ಸುತ್ತ ಇನ್ನಷ್ಟು ಗೇರ್ ಗ್ರಹಗಳ ಹಾಗೆ ಸುತ್ತುವ ವ್ಯವಸ್ಥೆಯೇ. ಮುಂದಕ್ಕೆ ಎರಡೇ ಗೇರ್, ಕಾಲಿನ ಪೆಡಲ್‌ನಲ್ಲಿ ಬದಲಾಯಿಸುವುದು. ಇವತ್ತಿನ ಆಟೋಮ್ಯಾಟಿಕ್ ಒಳಗೂ ಅದೇ ಗ್ರಹಗಳ ಆಟ. ಒತ್ತುವ ಕಾಲಿನ ಬದಲು ಈಗ ಆಯಿಲ್ ಒತ್ತಡ ಮತ್ತು ಕಂಪ್ಯೂಟರ್.

ಮೂರನೆಯದು ಫೋರ್ ವೀಲ್ ಡ್ರೈವ್. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಳಗೆ ಮಲಗಿ ಹಿಂದಿನ ಡಿಫರೆನ್ಶಿಯಲ್‌ನ, ಅಂದರೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಗುಂಡಿನ, ಬೋಲ್ಟ್ ಬಿಚ್ಚಿ ಬೆರಳು ಹಾಕಿದ ಮೆಕ್ಯಾನಿಕ್ ಎದ್ದು ಬೆರಳು ತೋರಿಸಿದ. ಹಾಲು ಹಾಕಿದ ಕಾಫಿ ಬಣ್ಣ, ಅಂದರೆ ಆಯಿಲ್‌ಗೆ ನೀರು ಸೇರಿದೆ. ಓಡಿ ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಉಸಿರಾಟದ ಪೈಪ್ ಕಟ್ಟಿದ್ದರೆ ಅದು ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಡಿಫರೆನ್ಶಿಯಲ್ ಅಷ್ಟು ನೀರು ಕುಡಿದಿದೆ ಅಂದಮೇಲೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್, ಗೇರ್ ಬಾಕ್ಸ್ ಬಗ್ಗೆ ನನಗೆ ಧೈರ್ಯ ಬರಲಿಲ್ಲ.

ನಾಲ್ಕನೆಯದು ಸದ್ದು ಮಾಡುತ್ತಿತ್ತು.

ಐದು ಗೇರಿನ ಸಾದಾ ಮ್ಯಾನುಯಲ್, ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ. ಮೀಟರ್‌ನಲ್ಲಿ 2,10,000 ಕಿ.ಮೀ. ನನ್ನ ಹಳೆಯ ಗಾಡಿಯ ಮೂರು ಪಟ್ಟಿಗಿಂತ ಜಾಸ್ತಿ. ಕ್ಲಚ್ ಒತ್ತಿದರೆ ಕಿರ್ರ್ ಅಂತ ಕಿರುಚುತ್ತಿತ್ತು. ಅದಕ್ಕೇ ಬಂದವರೆಲ್ಲ ವಾಪಸ್ ಹೋಗಿದ್ದರು ಅಂತ ಮಾಲೀಕರೇ ಹೇಳಿದರು. ಮುಚ್ಚುಮರೆ ಇರಲಿಲ್ಲ. ಅವರು ಹಾಸಿಗೆ ದಿಂಬು ಸಾಗಿಸುವವರು. ತೊಟ್ಟಿ ತುಂಬಾ ಹೇರಿದರೂ ತೂಕ ಏನಿದೆ! ತೊಟ್ಟಿಯ ತಳದಲ್ಲಿ ಹಳೆಯ ಪೇಂಟ್ ಹಾಗೇ ಇತ್ತು. ಸ್ಪ್ರಿಂಗ್ ಬಿಲ್ಲಿನ ಹಾಗೆ ಬಾಗಿತ್ತು.

ನಾನು ಗಾಡಿ ನಿಲ್ಲಿಸಿ, ಎಂಜಿನ್ ಐಡಲ್‌ನಲ್ಲಿ ಬಿಟ್ಟು, ನ್ಯೂಟ್ರಲ್‌ನಲ್ಲಿ ಕಿವಿಗೊಟ್ಟೆ. ಈ ಸದ್ದಿನ ಲೆಕ್ಕ ನನಗೆ ಬಹಳ ಇಷ್ಟ, ಯಾಕಂದ್ರೆ ಇದಕ್ಕೆ ಸಲಕರಣೆ ಬೇಡ. ನ್ಯೂಟ್ರಲ್‌ನಲ್ಲಿ ಕ್ಲಚ್‌ನಿಂದ ಕಾಲು ತೆಗೆದರೆ ಎಂಜಿನ್ ಶಕ್ತಿಯನ್ನು ಗೇರ್ ಬಾಕ್ಸ್ ಒಳಗೆ ತರುವ ಇನ್‌ಪುಟ್ ಶಾಫ್ಟ್ ಮತ್ತು ಅದು ತಿರುಗಿಸುವ ಕೆಳಗಿನ ಲೇ ಶಾಫ್ಟ್ ತಿರುಗುತ್ತಿರುತ್ತವೆ. ಕ್ಲಚ್ ಒತ್ತಿದರೆ ಅವು ನಿಲ್ಲುತ್ತವೆ. ಕಾಲು ತೆಗೆದಾಗ ಇರುವ ಸದ್ದು ಒತ್ತಿದಾಗ ನಿಂತರೆ ಕಾಯಿಲೆ ಬಾಕ್ಸ್ ಒಳಗೆ, ಆ ಶಾಫ್ಟ್‌ಗಳ ಬೇರಿಂಗ್‌ನಲ್ಲಿ. ಒತ್ತಿದಾಗ ಶುರುವಾಗುವ ಸದ್ದು ಸಾಮಾನ್ಯವಾಗಿ ಕ್ಲಚ್‌ನ ರಿಲೀಸ್ ಬೇರಿಂಗ್‌ದು. ಅದು ಬಾಕ್ಸ್‌ನ ಹೊರಗಿನ ಸಾಮಾನು. ಈ ಗಾಡಿ ಕಾಲು ತೆಗೆದಾಗ ಮೌನ, ಒತ್ತಿದಾಗ ಕಿರ್ರ್. ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ನಗು ತಡೆದುಕೊಂಡೆ. ಮಾಲೀಕರ ಎದುರಿಗೆ ನಕ್ಕರೆ ಬೆಲೆ ಮಾತಾಡುವುದು ಕಷ್ಟ, ಅಲ್ವಾ?

ಆಮೇಲೆ ರಸ್ತೆ. ಗಾಡಿಯಲ್ಲಿ ಮೂರು ಜನ, ತೊಟ್ಟಿಯಲ್ಲಿ ನಾನೇ ತಂದಿದ್ದ ಮರಳಿನ ಚೀಲಗಳು. ಖಾಲಿ ಗಾಡಿ ಓಡಿಸುವ ತಪ್ಪು ಎರಡನೇ ಸಲ ಮಾಡಲಿಲ್ಲ. ಇಳಿಜಾರಿನಲ್ಲಿ ಮೂರನೇ ಗೇರ್, ಆಕ್ಸಿಲರೇಟರ್ ಒತ್ತಿದೆ, ಥಟ್ಟನೆ ಬಿಟ್ಟೆ, ಒತ್ತಿದೆ, ಬಿಟ್ಟೆ. ಲಿವರ್ ಅಲ್ಲಾಡಿತು, ಎಗರಲಿಲ್ಲ. ಎರಡು, ನಾಲ್ಕು, ಐದರಲ್ಲೂ ಹಾಗೇ ಮಾಡಿದೆ. ಟಾಪ್ ಗೇರ್‌ನಲ್ಲಿ ನಿಧಾನ ವೇಗದಿಂದ ಪೂರ್ತಿ ಒತ್ತಿದೆ. ಎಂಜಿನ್ ಸುತ್ತು ಮಾತ್ರ ಏರಿ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ ಅಂತ ಅರ್ಥ. ಇಲ್ಲಿ ಎರಡೂ ಒಟ್ಟಿಗೇ ಏರಿದವು.

ಸದ್ದಿನ ಎರಡನೇ ಪಾಠ ನಾಲ್ಕನೇ ಗೇರಿನದು. ಈ ಥರದ ಐದು ಗೇರಿನ ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದು ನೇರ ಗೇರ್. ಎಂಜಿನ್ ಒಂದು ಸುತ್ತು, ಹಿಂದಿನ ಶಾಫ್ಟೂ ಒಂದು ಸುತ್ತು. ಲೇ ಶಾಫ್ಟ್ ಸುಮ್ನೆ ತಿರುಗುತ್ತದೆ, ಭಾರ ಹೊರುವುದಿಲ್ಲ. ಮಿಕ್ಕ ಗೇರುಗಳಲ್ಲಿ ಗುಂಯ್ ಅಂದು ನಾಲ್ಕರಲ್ಲಿ ಮಾತ್ರ ಗಪ್‌ಚುಪ್ ಆದರೆ ಲೇ ಶಾಫ್ಟ್ ಬೇರಿಂಗ್ ಹೋಗಿದೆ ಅಂತ ಅನುಮಾನಪಡಬೇಕು. ಒಂದೇ ಗೇರ್‌ನಲ್ಲಿ ಸದ್ದಿದ್ದರೆ ಆ ಗೇರಿನ ಹಲ್ಲು. ನ್ಯೂಟ್ರಲ್‌ನಲ್ಲಿ ಉರುಳುವಾಗಲೂ ಅದೇ ಸದ್ದಿದ್ದರೆ ಡಿಫರೆನ್ಶಿಯಲ್, ಚಕ್ರದ ಬೇರಿಂಗ್ ಅಥವಾ ಬರೀ ಟೈರ್. ನಮ್ಮದರಲ್ಲಿ ನಾಲ್ಕಕ್ಕೂ ಮೂರಕ್ಕೂ ಕಿವಿಗೆ ವ್ಯತ್ಯಾಸ ಸಿಗಲಿಲ್ಲ.

ಒಂದೇ ಕೊರತೆ, ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹಾಕಿದರೆ ಸಣ್ಣಗೆ ಕರ್ರ್ ಅನ್ನುತ್ತಿತ್ತು. ಎರಡನೇ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಗೇರಿನ ವೇಗವನ್ನೂ ಶಾಫ್ಟಿನ ವೇಗವನ್ನೂ ಉಜ್ಜಿ ಉಜ್ಜಿ ಸಮ ಮಾಡುವ ಹಿತ್ತಾಳೆ ಬಳೆ ಅದು. ಊರೊಳಗೆ ಓಡಾಡುವ ಗಾಡಿಯಲ್ಲಿ ಹೆಚ್ಚು ದುಡಿಯುವುದು, ಬೇಗ ಸವೆಯುವುದು ಎರಡನೆಯದೇ.

ಮಾಲೀಕರ ಹತ್ತಿರ ಒಂದು ಮಾತು ಕೇಳಿದೆ, "ಗೇರ್ ಆಯಿಲ್ ಇಳಿಸಿ ನೋಡಬಹುದಾ? ಕೊಳ್ಳಲಿ ಬಿಡಲಿ, ಹೊಸ ಆಯಿಲ್ ನಾನೇ ಹಾಕಿಸುತ್ತೇನೆ." ಅವರು ಒಪ್ಪಿದರು. ಒಪ್ಪದೆ ಇದ್ದಿದ್ದರೆ ಅದೂ ಒಂದು ಉತ್ತರವೇ. ಡ್ರೈನ್ ಬೋಲ್ಟ್‌ನ ತುದಿಯಲ್ಲಿ ಒಂದು ಆಯಸ್ಕಾಂತ ಇತ್ತು. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಕೂತಿತ್ತು, ಕಾಡಿಗೆ ಹಾಗೆ. ಅದು ಸಹಜ ಸವೆತ. ಮೆಕ್ಯಾನಿಕ್ ಅದನ್ನು ಬೆರಳುಗಳ ನಡುವೆ ತಿಕ್ಕಿದ. ಚೂರು ಚುಚ್ಚಿದರೆ, ಚಕ್ಕೆ ಸಿಕ್ಕರೆ ಹಲ್ಲು ಮುರಿಯುತ್ತಿದೆ ಅಂತ. ಏನೂ ಚುಚ್ಚಲಿಲ್ಲ. ಆಯಿಲನ್ನು ಬಿಸಿಲಿಗೆ ಹಿಡಿದರೆ ಒಂದಿಷ್ಟು ಬಂಗಾರದ ಹೊಳಪು ಇತ್ತು. ಅದೇ ಆ ಎರಡನೇ ಗೇರಿನ ಹಿತ್ತಾಳೆ.

ಕೊಂಡೆ.

ರಿಲೀಸ್ ಬೇರಿಂಗ್ ಬದಲಾಯಿಸಬೇಕಾದರೆ ಗೇರ್ ಬಾಕ್ಸ್ ಕೆಳಗಿಳಿಸಲೇಬೇಕು. ಬೇರಿಂಗ್ ಸಣ್ಣದು, ಕೂಲಿ ದೊಡ್ಡದು. ಅದಕ್ಕೇ ಇಳಿಸಿದಾಗಲೇ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಎಂಜಿನ್ ಹಿಂದಿನ ಆಯಿಲ್ ಸೀಲ್ ಎಲ್ಲ ಹೊಸದು ಹಾಕಿಸಿದೆ. ಆಯಿಲ್ ಮಾತ್ರ ಅಂಗಡಿಯವರು ಕೊಟ್ಟದ್ದನ್ನು ವಾಪಸ್ ಮಾಡಿದೆ. ಗೇರ್ ಆಯಿಲ್‌ನಲ್ಲಿ ಜಿಎಲ್-4, ಜಿಎಲ್-5 ಅಂತ ದರ್ಜೆಗಳಿವೆ. ಅವರು ಜಿಎಲ್-5 ಕೊಟ್ಟಿದ್ದರು, "ನಾಲ್ಕಕ್ಕಿಂತ ಐದು ಒಳ್ಳೇದು" ಅಂತ. ಗಾಡಿಯ ಪುಸ್ತಕದಲ್ಲಿ ಇದ್ದದ್ದು ಜಿಎಲ್-4. ಐದರಲ್ಲಿ ಡಿಫರೆನ್ಶಿಯಲ್‌ಗೆ ಬೇಕಾದ ಗಂಧಕದ ಸೇರಿಕೆ ಜಾಸ್ತಿ. ಕೆಲವು ಜಿಎಲ್-5 ಆಯಿಲ್‌ಗಳು ಹಿತ್ತಾಳೆಯನ್ನು ತಿನ್ನುತ್ತವೆ, ಸಿಂಕ್ರೊಗೆ ಉಜ್ಜಲು ಹಿಡಿತವೂ ಸಿಗುವುದಿಲ್ಲ. ಮೊದಲೇ ಸವೆದ ರಿಂಗ್ ನನ್ನದು.

ಸಿಂಕ್ರೊ ರಿಂಗ್ ಬದಲಾಯಿಸಲಿಲ್ಲ. "ಬಾಕ್ಸ್ ಬಿಚ್ಚೋದು ಬೇಡ ಅಕ್ಕಾ, ಇದು ಹೀಗೇ ಬಹಳ ದಿನ ಓಡುತ್ತೆ" ಅಂದ ಮೆಕ್ಯಾನಿಕ್. ಎರಡು ಹಂಗಾಮು ಪೆಟ್ಟಿಗೆ ಸಾಗಿಸಿದ್ದೇನೆ, ಇಳಿಜಾರಿನಲ್ಲಿ ಲಿವರ್ ಹಿಡಿದುಕೊಳ್ಳುವ ಅಭ್ಯಾಸ ಮೊನ್ನೆ ಮೊನ್ನೆ ಬಿಟ್ಟಿತು. ಚಳಿಯಿದ್ದ ರಾತ್ರಿ ಮೊದಲ ಎರಡು ಕಿಲೋಮೀಟರ್ ಎರಡನೇ ಗೇರ್ ಬಿಗಿ. ಆಗ ನ್ಯೂಟ್ರಲ್‌ನಲ್ಲಿ ಒಂದು ಕ್ಷಣ ತಡೆದು, ಆಮೇಲೆ ಮೆತ್ತಗೆ ತಳ್ಳುತ್ತೇನೆ. ಕರ್ರ್ ಅನ್ನುವುದಿಲ್ಲ, ಹಿಂದೆ ಹುಳುಗಳೂ ಏಳುವುದಿಲ್ಲ.