ನಾನು ಫಾರ್ಮಲ್ಲಿ ಹಾಕಿದ ಎರಡು ಮಾರ್ಕು

ಕೋಲಾರದ ಕಡೆ ಒಂದು ಎಫ್‌ಪಿಓದಲ್ಲಿ, ಅಂದ್ರೆ ರೈತರೇ ಸೇರಿ ಮಾಡ್ಕೊಂಡಿರೋ ಕಂಪನೀಲಿ, ಫೀಲ್ಡ್ ಕೆಲಸ ನಂದು. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಲಿ 15 ಕೆಜಿ ಟೊಮ್ಯಾಟೊ ಬಾಕ್ಸು 2000 ದಾಟಿತ್ತಲ್ಲ, ಅದೇ ಟೈಮಲ್ಲಿ ನಮ್ಗೆ ಬೇಸ್‌ಲೈನ್ ಅಂತ ರೈತರ ಮೊದಲ ಸರ್ವೆ ಫಾರ್ಮ್ ತುಂಬೋ ಟಾರ್ಗೆಟ್ಟು. ಒಂದೆಕರೆ ಇರೋ ಒಬ್ಬ ಅಕ್ಕನ ಮನೆಗೆ ಹೋದೆ. ಬೋರಲ್ಲಿ ನೀರಿದೆ, ಡ್ರಿಪ್ ಇದೆ, ಆದ್ರೂ ಅರ್ಧ ಎಕರೆಗೆ ರಾಗೀನೇ ಹಾಕ್ತೀನಿ ಅಂದ್ರು. ಪೂರ್ತಿ ಟೊಮ್ಯಾಟೊ ನಾಟಿ ಮಾಡಿ, ಬೈಯರ್ ನಾವೇ ಕೊಡಿಸ್ತೀವಿ ಅಂತ ಅರ್ಧ ಗಂಟೆ ಹೇಳಿದೆ. "ಇವತ್ತಿನ ರೇಟ್ ನೋಡಿ ಎಲ್ಲಾರೂ ನಾಟಿ ಮಾಡ್ತಾವ್ರೆ ಸಾರ್, ಕೀಳೋ ಹೊತ್ತಿಗೆ ಎಲ್ಲಾರ್ದೂ ಒಟ್ಟಿಗೆ ಬರ್ತದೆ" ಅಂದ್ರು. 'ಮಾರ್ಕೆಟ್ ಓರಿಯೆಂಟೇಶನ್', ಅಂದ್ರೆ ಮಾರ್ಕೆಟ್ ನೋಡಿ ಬೆಳೆಯೋ ಬುದ್ಧಿ ಎಷ್ಟಿದೆ ಅನ್ನೋ ಕಾಲಮ್ಮಲ್ಲಿ ಐದಕ್ಕೆ ಎರಡು ಹಾಕಿ ಎದ್ದು ಬಂದೆ.

ಪಕ್ಕದ ಊರಿನ ಒಬ್ಬರು ನನ್ನ ಮಾತು ಕೇಳಿ ಇದ್ದ ಒಂದೆಕರೇನೂ ಟೊಮ್ಯಾಟೊಗೇ ಹಾಕಿದ್ರು. ಸೆಪ್ಟೆಂಬರ್ ಹೊತ್ತಿಗೆ ರೇಟು ನೆಲ ಕಚ್ಚಿತ್ತು. ಅವರ 64 ಬಾಕ್ಸು ನಮ್ಮ ಖರೀದಿ ಸೆಂಟರ್‌ಗೆ ಬಂದಾಗ ಮಧ್ಯಾಹ್ನ ಮೂರು, ನಾಲ್ಕಕ್ಕೆ ಗಾಡಿ ಹೊರಡ್ಬೇಕು. ಗ್ರೇಡರ್ ಒಂದೊಂದೇ ಬಾಕ್ಸ್ ಸುರಿದು ಸೈಜು, ಕಲರ್ ಅಂತ ಪಕ್ಕಕ್ಕೆ ತಳ್ತಾ ಹೋದ. ನಾನು ಪ್ರೊಕ್ಯೂರ್‌ಮೆಂಟ್‌ನವ್ರಿಗೆ ಫೋನ್ ಮೇಲೆ ಫೋನ್, ಇಂಡೆಂಟ್ (ಬೈಯರ್ ಕೊಟ್ಟಿದ್ದ ಆರ್ಡರ್) ಕಟ್ ಆಗಿದೆ ಅನ್ನೋದು ಬಿಟ್ಟು ಬೇರೆ ಮಾತೇ ಇಲ್ಲ. ಆ ಯಜಮಾನ್ರು ಜಗಳಾನೂ ಆಡ್ಲಿಲ್ಲ, ತಳ್ಳಿದ ಹಣ್ಣನ್ನ ಒಂದೊಂದಾಗಿ ಬಟ್ಟೇಲಿ ಒರೆಸಿ ವಾಪಸ್ ಬಾಕ್ಸಿಗೆ ಜೋಡಿಸ್ತಿದ್ರು, ಅದನ್ನ ನೋಡ್ತಾ ನಿಂತಿದ್ದು ಇನ್ನೂ ಮರೆಯಕ್ಕಾಗಿಲ್ಲ. ಪಾಸಾಗಿದ್ದು 23.

ಉಳಿದಿದ್ದನ್ನ ಮಾರನೇ ದಿನ ಬೆಳಿಗ್ಗೆ ಹರಾಜಿಗೆ ಒಯ್ದ್ರೆ ಬಿಡಿಸಿದ ಕೂಲಿ, ಗಾಡಿ ಬಾಡಿಗೆನೂ ಹುಟ್ಟಲಿಲ್ಲ. ಅದಕ್ಕಿಂತ ಕೆಟ್ಟದ್ದು ಅಂದ್ರೆ, ಸಸಿಗೆ ಗೊಬ್ಬರಕ್ಕೆ ಮುಂಗಡ ಕೊಟ್ಟಿದ್ದ ಮಂಡಿಯವ್ರು, ಒಳ್ಳೇ ಮಾಲು ಅವ್ರಿಗೆ ಉಳಿದಿದ್ದು ನನಗಾ ಅಂತ ಮುಂದಿನ ಬೆಳೆಗೆ ದುಡ್ಡು ಕೊಡಲ್ಲ ಅಂದ್ಬಿಟ್ರು. ಮಂಡಿ ಅಂದ್ರೆ ಬರೀ ಕಮಿಷನ್ ಅಂತ ಟ್ರೈನಿಂಗಲ್ಲಿ ನಾನೇ ಸ್ಲೈಡ್ ಹಾಕಿ ತೋರಿಸಿದ್ದೆ. ಗೋಲಿ ಸೈಜ್ ಹಣ್ಣನ್ನೂ ಇಳಿಸ್ಕೊಳ್ಳೋರು, ರಾತ್ರಿ ಆಸ್ಪತ್ರೆ ಖರ್ಚಿಗೆ ಕೇಳಿದ್ರೆ ಕೊಡೋರು ಅವ್ರೇ, ನಮ್ಮ ಕಂಪನಿ ಅದ್ಯಾವುದನ್ನೂ ಕೊಡಲ್ಲ, ಎರಡು ರೂಪಾಯಿ ಜಾಸ್ತಿ ರೇಟ್ ಅಷ್ಟೇ, ಅದೂ ಎ ಗ್ರೇಡಿಗೆ.

ಆಮೇಲೆ ಆ ಅಕ್ಕನ ಮನೆಗೆ ಹೋದೆ. ಅವರಿಗೂ ಅರ್ಧ ಎಕರೆ ಟೊಮ್ಯಾಟೊ ಕೈ ಕೊಟ್ಟಿತ್ತು. ಆ ವರ್ಷ ಮಳೆ ಇಲ್ದೆ ರಾಗಿ ತೆನೇನೂ ಅಷ್ಟಕ್ಕಷ್ಟೆ, ಆದ್ರೆ ಹುಲ್ಲು ಸಿಕ್ಕಿತ್ತು, ಎರಡು ಹಸು ಇತ್ತು, ಡೈರಿ ಬಟವಾಡೆಲಿ ಗೊಬ್ಬರದ ಅಂಗಡಿ ಬಾಕಿ ತೀರಿಸಿದ್ರು. ಊಟಕ್ಕೆ ಅಂತ ನಾನಂದ್ಕೊಂಡಿದ್ದ ರಾಗಿ, ಅವರ ಲೆಕ್ಕದಲ್ಲಿ ಹಾಲಿನ ಬಂಡವಾಳ.

ಮಾರ್ಕು ತಿದ್ದೋಣ ಅಂತ ಹೆಡ್ ಆಫೀಸಿಗೆ ಮೇಲ್ ಹಾಕಿದೆ. ಸಬ್ಮಿಟ್ ಆದ್ಮೇಲೆ ಪೋರ್ಟಲ್ ಲಾಕ್ ಅಂತೆ. ಈಗಲೂ ಅಲ್ಲಿ ಎರಡೇ ಇದೆ.