ಫ್ರೀಮಾಂಟ್ ಈ ಕೌಂಟಿಯಲ್ಲಿಲ್ಲ

ಸಿಲಿಕಾನ್ ವ್ಯಾಲಿಯಲ್ಲಿ ಎಷ್ಟು ಜನ, ಅವರ ಸಂಪಾದನೆ ಎಷ್ಟು ಎಂದು ಹುಡುಕಿದವರು ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯ ಅಂಕಿಗಳಿಗೆ ಬಂದು ನಿಲ್ಲುತ್ತಾರೆ. ಎಡವುವುದೂ ಅಲ್ಲೇ. ನಮ್ಮವರು ಸಾಕಷ್ಟು ಮಂದಿ ಇರುವ ಫ್ರೀಮಾಂಟ್ ಈ ಕೌಂಟಿಗೆ ಸೇರಿದ್ದಲ್ಲ, ಪಕ್ಕದ ಅಲಮೀಡಾದ್ದು. ಉತ್ತರಕ್ಕೆ ಮಿಲ್ಪಿಟಸ್ ದಾಟಿದರೆ ಗಡಿ ಮುಗಿಯಿತು. 'ಸ್ಯಾನ್ ಹೋಸೆ ಮಹಾನಗರ ಪ್ರದೇಶ' ಎಂದಿದ್ದರೆ ದಕ್ಷಿಣದ ಸ್ಯಾನ್ ಬೆನಿಟೊ ಕೌಂಟಿಯೂ ಲೆಕ್ಕಕ್ಕೆ ಬಂದಿರುತ್ತದೆ. ಸ್ಯಾಂಟಾ ಕ್ಲಾರಾ ಎಂಬ ಊರು ಬೇರೆಯೇ ಇದೆ. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ 1,27,647, ಕೌಂಟಿಯದು 19,36,259. ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸು ಪಾಲೊ ಆಲ್ಟೊದಲ್ಲಿದೆ ಎಂದೇ ಎಲ್ಲರ ಎಣಿಕೆ. ಆದರೆ ಅದರ ಬಹುಪಾಲು ಯಾವ ಊರಿಗೂ ಸೇರದ, ನೇರ ಕೌಂಟಿಯ ಕೈಕೆಳಗಿನ ಜಾಗ. ಹಾಗಾಗಿ ಅಲ್ಲಿನ ಹಾಸ್ಟೆಲ್ ಹುಡುಗರು ಪಾಲೊ ಆಲ್ಟೊದ ಲೆಕ್ಕದಲ್ಲಿ ಸಿಗುವುದಿಲ್ಲ.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಆದರೆ ಡಿಸಿ ಇಲ್ಲ, ಐವರು ಚುನಾಯಿತ ಸೂಪರ್‌ವೈಸರುಗಳ ಮಂಡಳಿ ಇದೆ. ಅದರಡಿ 15 ಊರುಗಳು. ಸ್ಯಾನ್ ಹೋಸೆ ಒಂದರಲ್ಲೇ 10,13,240 ಜನ. ಮಾಂಟೆ ಸೆರೆನೊದಲ್ಲಿ ನಾಲ್ಕು ಸಾವಿರವೂ ಇಲ್ಲ. 1940ರಲ್ಲಿ ಇಡೀ ಕೌಂಟಿಗೆ 1,74,949 ಜನರಿದ್ದರು. ಆಗ ಇದು ಪ್ಲಮ್, ಏಪ್ರಿಕಾಟ್ ತೋಟಗಳ ಮತ್ತು ಹಣ್ಣು ಡಬ್ಬಿಗೆ ತುಂಬುವ ಕಾರ್ಖಾನೆಗಳ ಸೀಮೆ. 1970ಕ್ಕೆ ಸಂಖ್ಯೆ 10,64,714. ತೋಟ ಹೋಯಿತು, ಕಂಪ್ಯೂಟರ್ ಚಿಪ್ ಬಂತು. ದಕ್ಷಿಣದ ಗಿಲ್‌ರಾಯ್‌ನಲ್ಲಿ ಬೆಳ್ಳುಳ್ಳಿಯ ಹೆಸರು ಉಳಿದಿದೆ.

2020ರ ಜನಗಣತಿಯಲ್ಲಿ ನೂರಕ್ಕೆ ಸುಮಾರು 39 ಮಂದಿ ಏಷ್ಯನ್ನರು, 25 ಹಿಸ್ಪಾನಿಕರು, 29ರಷ್ಟು ಹಿಸ್ಪಾನಿಕರಲ್ಲದ ಬಿಳಿಯರು. ಐವರಲ್ಲಿ ಇಬ್ಬರು ಹುಟ್ಟಿದ್ದು ಅಮೆರಿಕದ ಹೊರಗೆ. 'ಏಷ್ಯನ್' ಎಂಬ ಒಂದೇ ಡಬ್ಬಿಯಲ್ಲಿ ಚೀನೀಯರು, ಫಿಲಿಪಿನೊಗಳು, ಭಾರತೀಯರು, ಜೊತೆಗೆ ಸ್ಯಾನ್ ಹೋಸೆಯ ಲಕ್ಷಕ್ಕೂ ಮೀರಿದ ವಿಯೆಟ್ನಾಮೀಯರು. ಈ ಡಬ್ಬಿಯ ಸರಾಸರಿ ತೆಗೆದು 'ಏಷ್ಯನ್ನರು ಶ್ರೀಮಂತರು' ಎನ್ನುವ ಲೇಖನಗಳನ್ನು ಅಲ್ಲಿಗೇ ಮುಚ್ಚಿಡಬಹುದು. 1975ರ ನಂತರ ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದ ಕುಟುಂಬವೂ ಎಚ್-1ಬಿ ವೀಸಾದಲ್ಲಿ ಬಂದ ಎಂಜಿನಿಯರೂ ಅದರಲ್ಲಿ ಒಂದೇ ಸಾಲು.

ಆದಾಯದ ವಿಷಯ ಇನ್ನೂ ಜಾರು ನೆಲ. ಮನೆಯೊಂದರ ಮಧ್ಯಮಾಂಕ ಆದಾಯ (ಅರ್ಧ ಮನೆಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ದಾಟಿದೆ, ದೇಶದ ಮಟ್ಟದ ಸುಮಾರು ಎರಡರಷ್ಟು. ಇದು ಒಬ್ಬರ ಸಂಬಳವಲ್ಲ. ಒಂದು ಸೂರಿನಡಿ ಇರುವ ಎಲ್ಲರ ಗಳಿಕೆ ಸೇರಿಸಿದ ಮೊತ್ತ. ಬಾಡಿಗೆ ಹಂಚಿಕೊಂಡ ಮೂವರು ಹುಡುಗರೂ ಇಲ್ಲಿ ಒಂದು ಮನೆಯೇ. ಕಾರ್ಮಿಕ ಇಲಾಖೆಯ 'ಸರಾಸರಿ ವಾರದ ವೇತನ'ವನ್ನು ಇದರ ಪಕ್ಕ ಇಟ್ಟು ನೋಡುವವರಿದ್ದಾರೆ. ಎರಡೂ ಬೇರೆ ಜನರ ಲೆಕ್ಕ. ವೇತನದ ಅಂಕಿ ಕೆಲಸದ ಜಾಗವನ್ನು ಹಿಡಿದದ್ದು. ಕೌಂಟಿಯ ಹೊರಗಿನ ಟ್ರೇಸಿ ಊರಿನಿಂದ ದಿನಾ ಕಾರು ಓಡಿಸಿಕೊಂಡು ಬರುವವರೂ ಅದರೊಳಗಿದ್ದಾರೆ, ಬೋನಸ್ಸೂ ಷೇರು ಆಯ್ಕೆಯ ಹಣವೂ ಸೇರಿದೆ. ಬೋನಸ್ ಬೀಳುವ ಜನವರಿ–ಮಾರ್ಚ್‌ನಲ್ಲಿ ಅದು ಉಬ್ಬುತ್ತದೆ. ಜನಗಣತಿ ಬ್ಯೂರೊದ ಆದಾಯದ ಅಂಕಿ ಮನೆ ಇರುವ ಜಾಗದ್ದು, ಅದರಲ್ಲಿ ಷೇರು ಮಾರಿದ ಲಾಭ ಇರುವುದಿಲ್ಲ.

ಲಾಸ್ ಆಲ್ಟೋಸ್ ಹಿಲ್ಸ್‌ನ ಆದಾಯ ನೋಡಿದರೆ '2,50,000+' ಎಂದಿರುತ್ತದೆ, ಮನೆಬೆಲೆಗೆ '20,00,000+'. ಬ್ಯೂರೊ ಅಲ್ಲಿಗೆ ಅಳೆಯುವುದು ನಿಲ್ಲಿಸುತ್ತದೆ. ಆ ಪ್ಲಸ್ ಗುರುತು ಅಳಿಸಿ ಗ್ರಾಫ್ ಎಳೆದರೆ ಸಿರಿವಂತ ಊರುಗಳೆಲ್ಲ ಸಮತಟ್ಟಾಗಿ ಕಾಣುತ್ತವೆ.

ಬಡತನಕ್ಕೆ ಇದರ ಉಲ್ಟಾ ಕಾಟ. ಇಬ್ಬರು ಮಕ್ಕಳ ನಾಲ್ವರ ಕುಟುಂಬಕ್ಕೆ 2023ರ ಅಧಿಕೃತ ಬಡತನ ರೇಖೆ 30,900 ಡಾಲರ್. ಮಿಸಿಸಿಪ್ಪಿಗೂ ಅದೇ, ಸ್ಯಾನ್ ಹೋಸೆಗೂ ಅದೇ. ಹಾಗಾಗಿ ಇಲ್ಲಿನ ಬಡತನ ನೂರಕ್ಕೆ ಏಳರ ಆಸುಪಾಸು ಎಂದು ತೋರುತ್ತದೆ. ವಸತಿ ನೆರವಿಗೆ ಸರ್ಕಾರ ಬಳಸುವ ಅಳತೆಯೇ ಬೇರೆ: ಅದೇ ವರ್ಷ ಈ ಕೌಂಟಿಯಲ್ಲಿ ನಾಲ್ವರ ಕುಟುಂಬ 1,37,100 ಡಾಲರ್ ಗಳಿಸಿದರೂ 'ಕಡಿಮೆ ಆದಾಯ'ದ ಪಟ್ಟಿಗೆ ಬರುತ್ತಿತ್ತು. ಮನೆ ಹುಡುಕುವವರಿಗೆ ಉಪಯೋಗಕ್ಕೆ ಬರುವುದು ಎರಡನೆಯದು.

ಮನೆ ತೆರಿಗೆಯನ್ನು ನೋಡದೆ ಈ ಕೌಂಟಿಯ ಆರ್ಥಿಕತೆ ಅರ್ಥವಾಗುವುದಿಲ್ಲ. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಒಪ್ಪಿದ 'ಪ್ರಾಪೊಸಿಷನ್ 13' ಎಂಬ ಕಾನೂನಿನ ಪ್ರಕಾರ ಮೂಲ ತೆರಿಗೆ ಕೊಂಡ ಬೆಲೆಯ ಶೇ. 1. ಆ ಬೆಲೆಯನ್ನು ವರ್ಷಕ್ಕೆ ಹೆಚ್ಚೆಂದರೆ ಶೇ. 2ರಷ್ಟು ಏರಿಸಬಹುದು. 1985ರಲ್ಲಿ 2 ಲಕ್ಷಕ್ಕೆ ಕೊಂಡ ಮನೆಯ ತೆರಿಗೆ ಬೆಲೆ 40 ವರ್ಷಕ್ಕೆ ಅಬ್ಬಬ್ಬಾ ಎಂದರೆ 4.42 ಲಕ್ಷ, ತೆರಿಗೆ 4,400 ಡಾಲರ್ ಚಿಲ್ಲರೆ. ಪಕ್ಕದಲ್ಲೇ ಅಂಥದೇ ಮನೆಯನ್ನು 15 ಲಕ್ಷಕ್ಕೆ ಕೊಂಡವರು ಕಟ್ಟುವುದು 15,000. ಮೇಲೆ ಸ್ಥಳೀಯ ಬಾಂಡುಗಳ ಕರ ಬೇರೆ. ಹಳಬರು ಮನೆ ಮಾರಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ, ಮಾರುಕಟ್ಟೆಗೆ ಮನೆ ಬರುವುದು ಅಷ್ಟರಮಟ್ಟಿಗೆ ಕಡಿಮೆ.

ಹೊಸದಾಗಿ ಕೊಂಡವರಿಗೆ ಬಡಿಯುವುದು ಸಪ್ಲಿಮೆಂಟಲ್ ಬಿಲ್ಲು. ಹಳೆ ಒಡೆಯರ ತೆರಿಗೆ ಬೆಲೆಗೂ ನಿಮ್ಮ ಕ್ರಯಕ್ಕೂ ಇರುವ ವ್ಯತ್ಯಾಸದ ಮೇಲೆ ಅದು ತಿಂಗಳುಗಳಾದ ಮೇಲೆ ಬರುತ್ತದೆ. ಸಾಲ ಕೊಟ್ಟ ಬ್ಯಾಂಕು ತೆರಿಗೆ ಕಟ್ಟುತ್ತದೆ ಎಂದು ಸುಮ್ಮನಿದ್ದರೆ ಕೆಟ್ಟಿರಿ, ಸಾಮಾನ್ಯವಾಗಿ ಇದನ್ನು ಅದು ಕಟ್ಟುವುದಿಲ್ಲ. ಮಾಮೂಲಿ ಬಿಲ್ಲಿನ ಕಂತುಗಳಿಗೆ ಡಿಸೆಂಬರ್ 10 ಮತ್ತು ಏಪ್ರಿಲ್ 10 ಕೊನೆ, ತಪ್ಪಿದರೆ ಶೇ. 10 ದಂಡ. ಸಪ್ಲಿಮೆಂಟಲ್‌ಗೆ ಗಡುವು ಆ ಬಿಲ್ಲಿನ ಮೇಲೆಯೇ ಬೇರೆ ಇರುತ್ತದೆ.

ಇನ್ನು, ಕನ್ನಡಿಗರೆಷ್ಟು? ಜನಗಣತಿ ಬ್ಯೂರೊದ ಭಾಷೆಯ ವಿವರದ ಕೋಷ್ಟಕ ಬಿ16001ರಲ್ಲಿ ತೆಲುಗಿಗೆ, ತಮಿಳಿಗೆ ತಮ್ಮದೇ ಸಾಲುಗಳಿವೆ. ಕನ್ನಡವನ್ನು 'ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು' ಎಂದು ಗಂಟು ಕಟ್ಟಿದ್ದಾರೆ. ದೊಡ್ಡ ವಿಂಗಡಣೆಯಲ್ಲಂತೂ ಹಿಂದಿ 'ಇಂಡೊ-ಯುರೋಪಿಯನ್' ಕಡೆ, ಕನ್ನಡ 'ಏಷ್ಯಾ ಮತ್ತು ಪೆಸಿಫಿಕ್ ದ್ವೀಪ'ಗಳ ಕಡೆ. ಬಿಡಿಸಿ ನೋಡಬೇಕಾದರೆ ಬ್ಯೂರೊ ಬಿಡುವ ಮೈಕ್ರೊಡೇಟಾ ಕಡತ (ಮಾದರಿ ಸಮೀಕ್ಷೆಯ ಒಬ್ಬೊಬ್ಬರಿಗೂ ಒಂದು ಸಾಲು) ಇಳಿಸಿಕೊಳ್ಳಬೇಕು, ಅದರ ಭಾಷಾ ಕಾಲಂನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸಂಕೇತವಿದೆ. ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿದ ಕಡತವನ್ನೇ ತೆಗೆದುಕೊಳ್ಳಿ, ಒಂದು ವರ್ಷದ್ದರಲ್ಲಿ ಸಿಗುವ ಕನ್ನಡಿಗರು ತೀರಾ ಕಡಿಮೆ. ಸಾಲುಗಳನ್ನು ಎಣಿಸಿದರೆ ಪ್ರಯೋಜನವಿಲ್ಲ, ಪ್ರತಿ ವ್ಯಕ್ತಿಯ ಎದುರಿನ ತೂಕದ ಕಾಲಂ (ಆ ಒಬ್ಬರು ಎಷ್ಟು ಜನರಿಗೆ ಪ್ರತಿನಿಧಿ ಎಂಬ ಸಂಖ್ಯೆ) ಕೂಡಿಸಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಈ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಬರೀ ಇಂಗ್ಲಿಷ್ ಆಡುವ ಮಕ್ಕಳ ಹೆಸರಿನ ಮುಂದೆ ಅಪ್ಪ ಅಮ್ಮ ಏನು ಬರೆದರೋ ಅದೇ ಲೆಕ್ಕ.